ತಂಬಿಗೆಯ ನೀರು

ಶಂಕ್ರಮ್ಮನ ಗೋಡೆಯಲ್ಲಿ ಹಲ್ಲಿಬಾಲದಷ್ಟು ಬಿರುಕು ಕಂಡದ್ದೇ ನೋಮಾನನಿಗೆ ಕುತ್ತಾಯಿತು. “ಖಣ್ಯಾಗ ಕಲ್ಲು ಹಾರಿಸಿದಾಗೆಲ್ಲ ನನ್ನ ಮನಿ ನಡಗ್ತದ” ಎಂದು ಆಕೆ ಕಮಲಾಪುರವನ್ನೇ ಎಬ್ಬಿಸಿ ಕೂಡಿಸಿದ್ದಳು. ಗಣಿಯ ಎಂಜಿನಿಯರ್ ನೋಮಾನ್, ಕಂಪನ ಅಳೆಯುವ ಮೀಟರನ್ನು ಹಸುಗೂಸಿನಂತೆ ಅವುಚಿಕೊಂಡು ಕಲಬುರಗಿಯ ಗಾಜಿಪುರದಿಂದ ಮೊದಲ ಬಸ್ಸಿಗೇ ಬಂದಿಳಿದ.

“ಅವ್ವಾ, ಮದ್ದು ಒಮ್ಮೆಲೇ ಸಿಡಿಸಂಗಿಲ್ರಿ. ಬಂಡ್ಯಾಗ ಕೊರೆದ ಒಂದು ತೂತು ಸಿಡಿದ ಮ್ಯಾಲೆ ಇನ್ನೊಂದು, ಕಣ್ಣು ಮಿಟಕಿಸೋದ್ರಾಗ. ಲೆಕ್ಕ ಹಾಕೀನಿ, ನಿಮ್ಮ ಗ್ವಾಡಿಗೆ ಗೊತ್ತೇ ಆಗಂಗಿಲ್ಲ.”

“ನಿನ್ನ ಲೆಕ್ಕ ನಿನ್ನ ಹಂತ್ಯಾಕೇ ಇರ್ಲಿ ತಮ್ಮಾ.” ಆಕೆ ತಂಬಿಗೆಗೆ ತುಟಿಮಟ್ಟ ನೀರು ತುಂಬಿ ಗೋಡೆಯ ಗೂಡಿನಲ್ಲಿಟ್ಟಳು. “ಇವತ್ತ ಇದರಾಗಿಂದು ಒಂದು ಹನಿ ಚೆಲ್ಲಿದ್ರ ನಾಳಿಂದ ಖಣಿಗೆ ಬೀಗ. ಹೂಂ ಅನ್ನು.”

ನೆರೆದವರೆದುರು ನೋಮಾನ್ ಹೂಂ ಎಂದ.

ಹನ್ನೆರಡಕ್ಕೆ ಗಣಿಯ ಸೈರನ್ ಕೂಗಿತು. ಧಡ್! ನೀರು ಅಲುಗಲಿಲ್ಲ. ಮೀಟರೂ ಮಿಸುಕಲಿಲ್ಲ.

“ನೋಡ್ರಿ, ಮೀಟರಿಗೂ ಗೊತ್ತಾಗ್ಲಿಲ್ಲ!” ನೋಮಾನ್ ಮದುಮಗನಂತೆ ಬೀಗಿದ. ಪಕ್ಕದ ಮನೆಯ ಟೆಂಪೋ ದೌಲಪ್ಪ ತನ್ನ ಟವೆಲ್ಲನ್ನೇ ಶಾಲಿನಂತೆ ಹೊದಿಸಿದ. ಶಂಕ್ರಮ್ಮ ಬಾಯಿಗೆ ಸಕ್ಕರೆ ಹಾಕಿದಳು. ಆಗ ಗಣಿಯಲ್ಲಿ ಮದ್ದು ಸಿಡಿಸುವ ಮಜರ್‌ನ ಫೋನು ಬಂತು.

“ಸಾಬ್, ವೈರ್ ಬಿಚ್ಯದ. ಇನ್ನಾ ಹಾರಿಸೇ ಇಲ್ರಿ. ಈಗ ಜೋಡಸ್ತೀವಿ.”

ನೋಮಾನ್ ಬಾಗಿಲಾಚೆ ನೋಡಿದ. ಹಮಾಲರು ತೊಗರಿ ಚೀಲ ಹೇರುತ್ತ ದೌಲಪ್ಪನ ಟೆಂಪೋದ ಹಿಂಬಾಗಿಲನ್ನು ಬಡಿಯುತ್ತಿದ್ದರು. ಧಡ್!

“ಯಾರ ಫೋನೋ?” ಶಂಕ್ರಮ್ಮ ಕೇಳಿದಳು.

“ಮನಿಯಿಂದ್ರಿ… ನಮ್ಮ ಅಮ್ಮಿ.” ಬಾಯೊಳಗಿನ ಸಕ್ಕರೆ ಸುಣ್ಣವಾಯಿತು.

ಅಷ್ಟರಲ್ಲಿ ಸೈರನ್ ಮತ್ತೆ ಕೂಗಿತು.

“ಮತ್ಯಾಕ ಒದರಾಕತ್ತದ?”

ನೋಮಾನ್ ನೆಲ ನೋಡಿದ. “ಆಗಿಂದು ಟೆಂಪೋ ಬಾಗಲರೀ. ಸುಳ್ಳು ಹೇಳಿದೆ, ಮಾಫ್ ಮಾಡ್ರಿ. ಖರೇದು ಈಗ ಅದ.”

ದೌಲಪ್ಪ ಟವೆಲ್ಲು ಕಿತ್ತುಕೊಂಡ.

ಧಡ್! ನೀರು ಅಲುಗಲಿಲ್ಲ. ಈ ಸಲ ಮೀಟರಿನಲ್ಲಿ ಅಂಕಿ ಮೂಡಿತು, ನೋಮಾನ್ ಬೆಳಿಗ್ಗೆ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದಿಟ್ಟ ಅಂಕಿಯೇ.

“ಇದು ಖರೇದರೀ! ನೋಡ್ರಿ ಅಂಕಿ!”

“ಇದೂ ನನ್ನ ಟೆಂಪೋನೇ ಬಿಡ್ರಿ ಸಾಹೇಬ್ರ” ಎಂದ ದೌಲಪ್ಪ, ಹೊರಗೆ ಇಣುಕಿಯೂ ನೋಡದೆ. ಮನೆ ತುಂಬ ನಗೆ ಸಿಡಿಯಿತು. ನೋಮಾನನ ಕಣ್ಣಲ್ಲಿ ನೀರಾಡಿತು.

ಶಂಕ್ರಮ್ಮನಿಗೇ ಕರುಳು ಚುರ್ ಎಂದಿತು. ಐವತ್ತು ವರ್ಷ ರೊಟ್ಟಿ ಬಡಿದ ಕೈಯಿಂದ ತಂಬಿಗೆಯನ್ನು ಹನಿ ಚೆಲ್ಲದಂತೆ ಇಳಿಸಿ, “ಅಳಬ್ಯಾಡೋ ಯಪ್ಪಾ, ನೀರು ಕುಡಿ” ಎಂದು ಕೊಟ್ಟಳು.

ಗೋಡೆ ನಡುಗಿರಲಿಲ್ಲ. ನೋಮಾನನ ಕೈ ನಡುಗಿತು. ಅರ್ಧ ತಂಬಿಗೆ ಅಂಗಿಯ ಮೇಲೆ, ಇನ್ನರ್ಧ ಮೀಟರಿನ ಮೇಲೆ.

ಶಂಕ್ರಮ್ಮ ಸೆರಗಿನಿಂದ ಅವನ ಮುಖ ಒರೆಸುತ್ತಲೇ ಕೂಗಿದಳು: “ಏ ದೌಲಪ್ಪಾ, ಬೀಗ ಎಲ್ಲ್ಯದೋ?”