ದಾರ ಹೇಳಿದ ದೂರ

ಉತ್ತರದ ತುತ್ತತುದಿಯ ಎರಡು ವಿಮಾನ ನಿಲ್ದಾಣಗಳ ನಡುವೆ ಐದು ಸಾವಿರದ ನಾನೂರು ಕಿಲೋಮೀಟರ್ ದೂರವಿದ್ದು, ಪ್ರಯಾಣಕ್ಕೆ ಆರು ಗಂಟೆ ಹಿಡಿಯುತ್ತದೆ ಎಂದು ಈ ಮೂಲಕ ಎಲ್ಲರಿಗೂ ತಿಳಿಯಪಡಿಸಲಾಗಿದೆ. ತಿಳಿಯಪಡಿಸಿದ್ದು ನಾವೇ, ದೂರ ನಿಗದಿ ಕಚೇರಿ! ಗೋಡೆ ಮೇಲಿನ ಭೂಪಟಕ್ಕೆ ದಾರ ಹಿಡಿದು, ಆ ದಾರಾನ ಸ್ಕೇಲಲ್ಲಿ ಅಳೆದು, ಸಾಹೇಬ್ರು ಸೀಲ್ ಒತ್ತಿಬಿಟ್ರೆ ಮುಗೀತು, ಅದೇ ದೂರ.

ಆದ್ರೆ ಈ ಪೈಲಟ್‌ಗಳಿದ್ದಾರಲ್ಲ, ಭೂಮಿ ದುಂಡಗಿದೆ ಅಂತ ಯಾರೋ ಅವರ ತಲೇಲಿ ತುಂಬಿಬಿಟ್ಟಿದ್ದಾರೆ. ಧ್ರುವದ ಕಡೆಯಿಂದ ಬಾಗಿಸ್ಕೊಂಡು ಹಾರಿ ನಾಲ್ಕೇ ಗಂಟೇಲಿ ಇಳಿದುಬಿಡ್ತಾರೆ! ಅದಕ್ಕೇ ನಮ್ಮ ಹದಿನೇಳನೇ ನಿಯಮ: ಬೇಗ ಇಳಿದ ವಿಮಾನವು ನಿಗದಿತ ಅವಧಿ ಮುಗಿಯುವವರೆಗೂ ಹಾರುತ್ತಿದೆಯೆಂದೇ ಭಾವಿಸತಕ್ಕದ್ದು. ಬಾಗಿಲು ತೆರೆಯತಕ್ಕದ್ದಲ್ಲ.

ಮೊನ್ನೆ ಬೆಳಿಗ್ಗೆ ಏಳಕ್ಕೆ ಅದೇ ವಿಮಾನದಲ್ಲಿ ನಮ್ಮಕ್ಕ ಹೋದ್ಲು. ಆ ಕಡೆ ನಿಲ್ದಾಣದಲ್ಲಿ ಮಾಹಿತಿ ಕೌಂಟರಿನ ಕೆಲಸಕ್ಕೆ ಇಂಟರ್‌ವ್ಯೂ, ಹನ್ನೆರಡು ಗಂಟೆಗೆ. ಹೇಗೂ ನಾಲ್ಕೇ ಗಂಟೇಲಿ ಇಳೀತೀನಲ್ಲ ಅಂತ ಅವಳ ಲೆಕ್ಕ. ಎರಡು ವರ್ಷದಿಂದ ಕೆಲಸ ಹುಡುಕಿ ಹುಡುಕಿ ಚಪ್ಪಲಿ ಸವೆಸಿದ್ಲು ಪಾಪ! ಹನ್ನೊಂದಕ್ಕೆ ಫೋನ್.

"ಲೋ, ಇಳಿದಾಯ್ತು ಕಣೋ! ಕಿಟಕೀಲಿ ಇಂಟರ್‌ವ್ಯೂ ಆಫೀಸ್ ಕಾಣ್ತಿದೆ. ಬಾಗಿಲು ತೆಗೆಯೋದು ಒಂದು ಗಂಟೆಗಂತೆ! ನಿಮ್ಮ ಆಫೀಸಿನ ಮನೆ ಹಾಳಾಗ!"

ನಾನು ಸ್ಟೋರ್ ರೂಮಿಗೆ ನುಗ್ಗಿ, ಹಳೇ ಗ್ಲೋಬ್ ಎಳೆದು, ಧೂಳು ಒರೆಸಿ, ದಾರ ಹಿಡಿದು ನೋಡಿ, ಒಂದೇ ಉಸಿರಿಗೆ ಸಾಹೇಬ್ರ ಹತ್ರ ಓಡಿದೆ.

"ಸಾರ್, ಇದ್ರಲ್ಲಿ ನಾಲ್ಕೇ ಗಂಟೆ ಸಾರ್! ಭೂಪಟದಲ್ಲಿ ಉತ್ತರದ ಕಡೆ ಎಳೆದು ಅಗಲ ಮಾಡಿರ್ತಾರೆ ಸಾರ್!"

ಸಾಹೇಬ್ರು ಕನ್ನಡಕ ಇಳಿಸಿ ಗ್ಲೋಬನ್ನ ನೋಡಿದ್ರು. "ಇದನ್ನ ಮೊಳೆ ಹಾಕಿ ಯಾವ ಗೋಡೆಗೆ ಹೊಡೀತೀಯಪ್ಪ?"

"ಗೋಡೆಗೆ ಹೊಡೆಯಕ್ಕಾಗಲ್ಲ ಸಾರ್."

"ಮತ್ತೆ? ಗೋಡೆಗೆ ಹೊಡೆಯಕ್ಕಾಗದ ಭೂಮೀನ ಆಫೀಸಲ್ಲಿ ಹೇಗಪ್ಪ ಇಟ್ಕೊಳ್ಳೋದು? ಮೊದ್ಲು ನಿಮ್ಮಕ್ಕನಿಗೆ ಬೆಲ್ಟ್ ಹಾಕ್ಕೊಳಕ್ಕೆ ಹೇಳು. ಹಾರ್ತಿರೋ ವಿಮಾನದಲ್ಲಿ ಹೆಣ್ಣುಮಗಳು ಎದ್ದು ಓಡಾಡಿದ್ರೆ ಬಿದ್ದುಗಿದ್ದಾಳು."

ಹನ್ನೆರಡಾಯ್ತು. ಒಂದಾಯ್ತು. ಅಕ್ಕ ಫೋನ್ ಎತ್ತಲ್ಲ! ನಾನು ಮತ್ತೆ ಮತ್ತೆ ಮಾಡ್ತಾನೇ ಇದ್ದೆ. ಎರಡೂವರೆಗೆ ಅವಳೇ ಮಾಡಿದ್ಲು.

"ಕೆಲಸ ಸಿಕ್ತು ಕಣೋ!"

"ಅಯ್ಯೋ, ಲೇಟಾಗ್ಲಿಲ್ವಾ?"

"ಇಂಟರ್‌ವ್ಯೂ ಮಾಡೋ ದೊಡ್ಡ ಆಫೀಸರ್ರೇ ನನ್ನ ಹಿಂದಿನ ಸೀಟಲ್ಲಿದ್ರು! ಇಲ್ಲೇ ಕೇಳಿಬಿಡಿ ಸಾರ್ ಅಂದೆ. ಆಕಾಶದಲ್ಲೆಲ್ಲ ಹಾಗೆ ಮಾಡೋ ಹಾಗಿಲ್ಲಮ್ಮ ಅಂದ್ರು. ಒಂದು ಗಂಟೆಗೆ, ವಿಮಾನ ಇಳೀತಾ ಇದೆ ಅಂತ ಮೈಕಲ್ಲಿ ಹೇಳಿದ್ರು. ನಿಂತಲ್ಲೇ ಇದೆ ಕಣೋ ಅದು! ಎಲ್ರೂ ಸೀಟು ನೆಟ್ಟಗೆ ಮಾಡ್ಕೊಂಡು, ಕಿವಿ ಮುಚ್ಕೊಂಡು, ಆಮೇಲೆ ಚಪ್ಪಾಳೆ ಹೊಡೆದ್ವಿ. ಆಮೇಲೆ ಆಫೀಸರ್ರು ಆಫೀಸೊಳಗೆ ಕರೆದು ಒಂದೇ ಪ್ರಶ್ನೆ. ಪ್ರಯಾಣ ಎಷ್ಟು ಹೊತ್ತು?"

"ನೀನೇನಂದೆ?"

"ಆರು ಗಂಟೆ ಸಾರ್, ಕೊನೇ ಎರಡು ಗಂಟೆ ಸಿಕ್ಕಾಪಟ್ಟೆ ಅಲುಗಾಡ್ತು ಅಂದೆ. ಹೌದಮ್ಮ, ನಂಗೂ ವಾಂತಿ ಬಂದ ಹಾಗಾಯ್ತು ಅಂತ ಆರ್ಡರ್ ಕೈಗೆ ಕೊಟ್ರು."