ನನ್ನ ಬಿಯರು, ಮಾವನವರ ಮಹಜರು

ಬಿಯರು ಮಾಡುವುದೆಂದರೆ ನೀರು, ಸಕ್ಕರೆ, ಯೀಸ್ಟು, ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕ. ಇಷ್ಟೇ. ತಲೆತಲಾಂತರದಿಂದ ಇಡ್ಲಿ ಹಿಟ್ಟು ಹುದುಗಿಸಿಕೊಂಡು ಬಂದ ವಂಶದವನಿಗೆ ಇದೇನು ಬ್ರಹ್ಮವಿದ್ಯೆಯೇ ಎಂದುಕೊಂಡೆ.

೨೦೦೪ರ ಮಾತಿದು. ಊರಿಗೆ ಮಾತಾಡಬೇಕಾದರೆ ಅಂಗಡಿಯಲ್ಲಿ ಫೋನ್ ಕಾರ್ಡು ಕೊಂಡು, ಬೆಳ್ಳಿ ಬಣ್ಣ ಕೆರೆದು, ಉದ್ದನೆಯ ನಂಬರು ಒತ್ತಬೇಕಾಗಿದ್ದ ಕಾಲ. ನಾವು ಅಪ್ಪರ್ ಹಟ್ ಎಂಬ ಊರಿನಲ್ಲಿದ್ದೆವು. ನಾನು ದಿನಾ ರೈಲು ಹತ್ತಿ ವೆಲ್ಲಿಂಗ್ಟನ್ನಿನ ಆಫೀಸಿಗೆ ಹೋಗುತ್ತಿದ್ದೆ. ಹೆಂಡತಿ ಶೈಲಾ ಆಸ್ಪತ್ರೆಯಲ್ಲಿ ನರ್ಸ್.

ಪಕ್ಕದ ಮನೆಯ ಗ್ರೇಮ್ ನಿವೃತ್ತ ಪ್ಲಂಬರ್. ಮುಚ್ಚಳವಿದ್ದ ದೊಡ್ಡ ಬಕೆಟ್ಟನ್ನೂ ಎರಡು ಡಜನ್ ಖಾಲಿ ಬಾಟಲಿಗಳನ್ನೂ ಕೊಟ್ಟು ಎರಡೇ ಮಾತು ಹೇಳಿದ. ಮುಟ್ಟುವ ಸಾಮಾನೆಲ್ಲ ಚೊಕ್ಕಟವಾಗಿರಲಿ. ಗುಳ್ಳೆ ಪೂರ್ತಿ ನಿಲ್ಲುವವರೆಗೆ ಬಾಟಲಿಗೆ ತುಂಬಬೇಡ. ಎರಡಕ್ಕೂ ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಬಕೆಟ್ಟಿನಲ್ಲಿದ್ದದ್ದನ್ನು ಕಲಕಲು ಉದ್ದನೆಯ ಸೌಟು ಬೇಕಿತ್ತು. ಸಿಂಕಿನಲ್ಲಿ ಒಂದಿತ್ತು. ಅದು ಬೆಳಿಗ್ಗೆ ದೋಸೆ ಹಿಟ್ಟಿನಲ್ಲಿ ಆಡಿದ ಸೌಟು ಎಂಬುದು ಗೊತ್ತಿದ್ದೂ, ನೀರಿನಲ್ಲಿ ಒಮ್ಮೆ ಅಲ್ಲಾಡಿಸಿ ಬಳಸಿದೆ. ನಂತರ ಬಕೆಟ್ಟಿಗೆ ಕಂಬಳಿ ಸುತ್ತಿ, ಬಿಸಿನೀರಿನ ಟ್ಯಾಂಕು ಇರುವ ಕಪಾಟಿನಲ್ಲಿಟ್ಟೆ. ಈ ದೇಶದ ಚಳಿಯಲ್ಲಿ ಹಿಟ್ಟು ಹುಳಿ ಬರುವ ಒಂದೇ ಜಾಗ ಅದು. ಶೈಲಾಳ ಹಿಟ್ಟಿನ ಪಾತ್ರೆ ಅಲ್ಲಿಯೇ ಕೂತಿತ್ತು. ಎರಡೂ ಅಕ್ಕಪಕ್ಕದಲ್ಲಿ ಉಬ್ಬತೊಡಗಿದವು.

ನಾಲ್ಕನೇ ದಿನ ಫೋನು ಬಂತು. ಮುಂದಿನ ತಿಂಗಳು ಬರಬೇಕಿದ್ದ ಮಾವನವರಿಗೆ ಈ ಶನಿವಾರಕ್ಕೇ ಟಿಕೆಟ್ಟು ಸಿಕ್ಕಿತ್ತು.

ಮಾವನವರು ಯಾರೆಂದು ಹೇಳಬೇಕು. ಮೈಸೂರು ಕಡೆ ಮೂವತ್ತು ವರ್ಷ ಅಬಕಾರಿ ಇಲಾಖೆಯಲ್ಲಿದ್ದು ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಅವರು ಒಡೆಸಿದ ಕಳ್ಳಭಟ್ಟಿ ಗಡಿಗೆಗಳಿಗೆ ಲೆಕ್ಕವಿಲ್ಲ. ನಾನು ಹಾಕಿಕೊಟ್ಟ ಸೀಲಿಂಗ್ ಫ್ಯಾನು ಅವರ ಊಟದ ಎಲೆಯ ಪಕ್ಕದಲ್ಲೇ ಬಿದ್ದ ದಿನದಿಂದ ನನ್ನ ಬಗ್ಗೆ ಅವರದು ಒಂದೇ ಮಾತು: "ಒಳ್ಳೇ ಹುಡುಗ. ಆದ್ರೆ ಕೈಕೆಲ್ಸ ಬರಲ್ಲ." ಈ ಸಲ ಹೇಗಾದರೂ ಮಾಡಿ ಆ ಮಾತನ್ನು ಅವರ ಬಾಯಿಂದಲೇ ವಾಪಸ್ಸು ತೆಗೆಸಬೇಕು ಎಂಬುದು ನನ್ನ ಬಹುದಿನದ ಆಸೆಯಾಗಿತ್ತು.

"ಮನೇಲಿ ಬಿಯರ್ ಮಾಡೋದು ಇಲ್ಲಿ ಕಾನೂನಿಗೆ ವಿರುದ್ಧ ಅಲ್ಲ ಕಣೆ," ಎಂದೆ.

"ನಂಗೆ ಕಾನೂನಿನ ಭಯ ಅಲ್ಲ ರೀ. ನಮ್ಮಪ್ಪಂದು," ಎಂದಳು ಶೈಲಾ.

ಬಕೆಟ್ಟು ಮಾಯವಾಗಲೇಬೇಕಿತ್ತು. ಶುಕ್ರವಾರ ಸಂಜೆ ಮುಚ್ಚಳ ತೆಗೆದರೆ ಗುಳ್ಳೆ ಇನ್ನೂ ಕುಣಿಯುತ್ತಿತ್ತು. ಕುಣಿಯಲಿ ಎಂದು ಬಾಟಲಿಗಳಿಗೆ ತುಂಬಿದೆ. ಬಾಟಲಿಗೆ ಒಂದು ಚಿಕ್ಕ ಚಮಚ ಸಕ್ಕರೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅರೆಬರೆ ಹುದುಗಿದ್ದಕ್ಕೆ ಪರಿಹಾರವಾಗಿ ಮೂರು ಹಾಕಿದೆ. ಎಲ್ಲವನ್ನೂ ಅದೇ ಕಪಾಟಿನಲ್ಲಿ ಟವೆಲುಗಳ ಹಿಂದೆ ಬಚ್ಚಿಟ್ಟು ಬಕೆಟ್ಟನ್ನು ಗ್ರೇಮ್‌ಗೆ ಹಿಂತಿರುಗಿಸಿದೆ.

ಮಾವನವರು ಬಂದರು. ಮೊದಲ ದಿನವೇ ಕಪಾಟಿನ ಮುಂದೆ ನಿಂತು ಮೂಗರಳಿಸಿದರು.

"ಏನ್ ಅಳಿಯಂದ್ರೇ, ಏನೋ ಹುಳಿ ವಾಸ್ನೆ?"

"ದೋಸೆ ಹಿಟ್ಟು, ಮಾವ."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಹೇಳಿದ ಸುಳ್ಳನ್ನು ಉಳಿಸಿಕೊಳ್ಳಬೇಕಲ್ಲ, ದಿನವೂ ದೋಸೆ ಆಗಬೇಕಾಯಿತು. ಆರು ದಿನ ಸತತವಾಗಿ ದೋಸೆ ಹುಯ್ದ ಶೈಲಾ ಏಳನೆಯ ದಿನ ನನ್ನೊಂದಿಗೆ ಮಾತು ಬಿಟ್ಟಳು.

ಅದು ಭಾನುವಾರದ ಮಧ್ಯಾಹ್ನ. ಮಾವನವರು ದೋಸೆ ಮುರಿದು ಚಟ್ನಿಗೆ ಅದ್ದುತ್ತಿದ್ದರು. ಕಪಾಟಿನೊಳಗೆ ಢಮ್ ಎಂದಿತು!

"ದೋಸೆ ಹಿಟ್ಟಾ?" ಎಂದರು ಮಾವ ಶಾಂತವಾಗಿ.

ಉತ್ತರಿಸುವಷ್ಟರಲ್ಲಿ ಇನ್ನೆರಡು ಢಮ್ಮು. ಆಮೇಲೆ ಎಣಿಸಲಾಗಲಿಲ್ಲ. ಬಾಗಿಲಿನ ಸಂದಿಯಿಂದ ಕಂದು ನೊರೆ ಹರಿದು ಕಾರ್ಪೆಟ್ಟಿಗೆ ಇಳಿಯಿತು. ಮಾವನವರು ಎದ್ದು ನಿಂತರು. ಅವರ ಬೆನ್ನು ನೆಟ್ಟಗಾಗಿ, ವಯಸ್ಸು ಇಪ್ಪತ್ತು ವರ್ಷ ಕಡಿಮೆಯಾದಂತಿತ್ತು.

"ಯಾರೂ ಜಾಗ ಬಿಟ್ಟು ಕದಲಬೇಡಿ. ಶೈಲಾ, ನನ್ನ ಕನ್ನಡಕ. ಎರಡು ಹಾಳೆ. ಸಾಕ್ಷಿಗೆ ಇಬ್ರು ಪಂಚರು ಬೇಕು."

ಸದ್ದು ಕೇಳಿ ಗ್ರೇಮ್ ಮತ್ತು ಅವನ ಹೆಂಡತಿ ಜೂಡಿ ಓಡಿ ಬಂದಿದ್ದರು. ಅವರೇ ಪಂಚರಾದರು. ಸದ್ದೆಲ್ಲ ಅಡಗಿದ ಮೇಲೆ ಮಾವನವರು ದೋಸೆ ಕಾವಲಿಯನ್ನು ಮುಖಕ್ಕೆ ಅಡ್ಡ ಹಿಡಿದು ಬಾಗಿಲು ತೆರೆದರು. ಗಾಜಿನ ಚೂರಿನ ನಡುವೆ ಒಂದೇ ಒಂದು ಬಾಟಲಿ ಉಳಿದಿತ್ತು. ಅದನ್ನು ಟವೆಲಿನಲ್ಲಿ ಹಿಡಿದು ತೆಗೆದು ಲೋಟಕ್ಕೆ ಬಗ್ಗಿಸಿದರು. ಜನ್ಮದಲ್ಲಿ ಕುಡಿಯದವರು, ಮೂಸಿಯೇ ತೀರ್ಪು ಕೊಡುತ್ತಿದ್ದವರು. ಮೂಸಿದರು. ಹುಬ್ಬು ಏರಿಸಿ ಲೋಟವನ್ನು ಗ್ರೇಮ್‌ಗೆ ಕೊಟ್ಟರು. ಗ್ರೇಮ್ ಒಂದು ಗುಟುಕು ಕುಡಿದು ನಿಧಾನವಾಗಿ ಸಿಂಕಿನ ಕಡೆ ನಡೆದ. ಅದರಲ್ಲಿ ಮೆಂತ್ಯದ ವಾಸನೆಯೂ ಇತ್ತೆಂದು ಶೈಲಾ ಈಗಲೂ ಹೇಳುತ್ತಾಳೆ.

ಮಾವನವರು ಅಲ್ಲೇ ಕೂತು ಕನ್ನಡದಲ್ಲಿ ಬರೆದ ಎರಡು ಪುಟದ ಮಹಜರಿಗೆ ಗ್ರೇಮ್ ಮತ್ತು ಜೂಡಿ ಒಂದಕ್ಷರವೂ ಓದಲು ಬಾರದೆ ಸಹಿ ಹಾಕಿದರು. ಮೈಸೂರು ಕಡೆಯ ಪಂಚರೂ ಹೀಗೇ ಹಾಕುತ್ತಿದ್ದರಂತೆ. ಆಮೇಲೆ ಮಾವ ನನ್ನ ಮುಖ ನೋಡಿ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಉಳಿದ ಏಳು ವಾರ ಇಬ್ಬರೂ ಸೇರಿ ಕಾರ್ಪೆಟ್ಟು ಉಜ್ಜಿದೆವು. ಉಜ್ಜುತ್ತಾ ಅವರು ಹಳೆಯ ದಾಳಿಗಳ ಕಥೆ ಹೇಳುತ್ತಿದ್ದರು. ಅಷ್ಟು ಹತ್ತಿರ ಅವರೊಂದಿಗೆ ಅದಕ್ಕೆ ಮೊದಲು ನಾನೆಂದೂ ಕೂತಿರಲಿಲ್ಲ.

ಮಾವನವರು ತೀರಿಹೋಗಿ ಆರು ವರ್ಷವಾಯಿತು. ಅವರ ನೆನಪಾದಾಗ, ಪಾಸ್‌ಪೋರ್ಟುಗಳ ಕೆಳಗೆ ಜೋಪಾನವಾಗಿಟ್ಟಿರುವ ಆ ಮಹಜರನ್ನು ತೆಗೆದು ಓದುತ್ತೇನೆ. ಕೊನೆಯ ಸಾಲುಗಳಿಗೆ ಬಂದಾಗ ನಗು ತಡೆಯಲಾಗುವುದಿಲ್ಲ:

"ಸದರಿ ದ್ರವವನ್ನು ಪಂಚರ ಸಮಕ್ಷಮ ಪರೀಕ್ಷಿಸಲಾಗಿ, ಇದು ಮದ್ಯವೆಂದು ಹೇಳಲು ಯಾವ ಆಧಾರವೂ ಕಂಡುಬಂದಿಲ್ಲ. ಆರೋಪಿಯು ಒಳ್ಳೆಯ ಹುಡುಗ. ಕೈಕೆಲಸ ಬಾರದ ಕಾರಣ ಬಿಡುಗಡೆ ಮಾಡಲಾಗಿದೆ."