ಗ್ರೆಗರಿಯ ರಸಪರೀಕ್ಷಕ ಮತ್ತು ಎರಡು ಬಾಟಲಿ ವೈನ್

“ಒಂದೇ ಒಂದು ಹನಿ ಸಾಕು! ಯಾವ ದ್ರಾಕ್ಷಿ, ಎಷ್ಟು ದ್ರಾಕ್ಷಿ, ಎಂತ ಬೆರಕೆ, ಎಲ್ಲ ಲೇಬಲ್ ಬರೆದು ಅಂಟಿಸಿಯೇ ಬಿಡ್ತದೆ!”

ಗ್ರೆಗರಿ ರೆಬೆಲ್ಲೊ ತನ್ನ ಹೊಸ ಯಂತ್ರದ ತಲೆ ಸವರಿದ. ಮಿಕ್ಸಿಯ ಮೋಟಾರು, ಟೇಬಲ್ ಫ್ಯಾನಿನ ಕುತ್ತಿಗೆ, ಮುಂದೆ ಉದ್ದದ ರಬ್ಬರ್ ಮೂಗು. ನೋಡಿದರೆ ಯಾರಿಗೂ ನಗು ಬರಬೇಕು. ಹೆಂಡತಿ ಎಮಿಲ್ಡಾಳಿಗೆ ಮಾತ್ರ ಹೆದರಿಕೆಯಾಯಿತು.

ಕಾರಣವಿತ್ತು. ಮಗಳು ಪ್ರೆಸಿಲ್ಲಾಳ ಸಂಬಂಧ ಮಾತಾಡಲು ಹುಡುಗನ ತಾಯಿ ಸೆವ್ರಿನ್ ಬಾಯಿ ತಮ್ಮದೊಂದು ಬಾಟಲಿ ವೈನ್ ಹಿಡಿದು ಬಂದು ಕುಳಿತಿದ್ದರು. ಮನೆಯಲ್ಲೇ ವೈನ್ ಮಾಡುವ ಕಿಟ್, ಅಂದರೆ ರಸದ ಡಬ್ಬಿ ಮತ್ತು ಯೀಸ್ಟ್, ಮಾರುವವರು. ‘ಅಪ್ಪಟ ಶಿರಾಜ್ ದ್ರಾಕ್ಷಿ ರಸ’ ಎಂಬ ಲೇಬಲ್ಲಿನಿಂದ ಮಂಗಳೂರಿನಲ್ಲೆಲ್ಲ ಹೆಸರಾದವರು. ಸುಳ್ಳೆಂದರೆ ಅವರಿಗೆ ಆಗದು. ಬೇಕರಿಯ ಕೇಕನ್ನು ಮನೆಯದ್ದೆಂದು ಕೊಟ್ಟದ್ದಕ್ಕೆ ಮಗನ ಹಿಂದಿನ ಸಂಬಂಧವನ್ನೇ ಬಿಟ್ಟಿದ್ದರು. ಅಂಥವರೆದುರು ಎಮಿಲ್ಡಾ ಈಗಷ್ಟೇ ಕೊಚ್ಚಿಕೊಂಡಿದ್ದಳು: “ನಮ್ಮಲ್ಲಿ ಕಿಟ್ಟುಗಿಟ್ಟು ಇಲ್ಲ ಬಾಯಿ, ಅಜ್ಜಿಯ ಕಾಲದ ಹಾಗೆ ಕಪ್ಪು ದ್ರಾಕ್ಷಿ ತಂದು ಭರಣಿಯಲ್ಲಿ ಹಾಕುವುದು.”

ನಿಜವೆಂದರೆ ಈ ವರ್ಷದ ಭರಣಿ ಪೂರ್ತಿ ಹುಳಿ ಬಂದು ವಿನೆಗರ್ ಆಗಿತ್ತು. ಗಂಡನಿಗೂ ಹೇಳದೆ ಅವಳು ಮೇಜಿನ ಮೇಲಿಟ್ಟದ್ದು ಸೆವ್ರಿನ್ ಬಾಯಿಯದೇ ಕಿಟ್ಟಿನ ವೈನ್!

“ಮೊದಲು ನೀವು ತಂದ ಶಿರಾಜ್!” ಎಂದು ಗ್ರೆಗರಿ ಗುಂಡಿ ಒತ್ತಿದ. ಮೂಗು ಬಾಟಲಿಯೊಳಗೆ ಇಳಿಯಿತು. ಗೊರ್! ಟಪ್! ಬಾಟಲಿಗೆ ಲೇಬಲ್ ಅಂಟಿತು.

‘ಶಿರಾಜ್: ಹೆಸರಿಗೆ. ಸೇಬಿನ ರಸ: ಮುಕ್ಕಾಲು. ಬಣ್ಣ: ಬೀಟ್‌ರೂಟ್.’

ಸೆವ್ರಿನ್ ಬಾಯಿ ದಡಕ್ಕನೆ ಎದ್ದರು. “ನಿಮ್ಮ ಯಂತ್ರಕ್ಕೆ ತಲೆ ಸಮ ಇಲ್ಲ! ನಿಮ್ಮ ಮನೆಯ ವೈನಿಗೆ ಎಂತ ಹೇಳ್ತದೆ ನೋಡುವ!”

“ಬೇಡ!” ಎಂದು ಎಮಿಲ್ಡಾ ಓಡಿಹೋಗಿ ಪ್ಲಗ್ ಕಿತ್ತಳು.

“ಹೆದರಬೇಡ ಮಾರಾಯ್ತಿ, ಬ್ಯಾಟರಿ ಉಂಟು!” ಎಂದ ಗ್ರೆಗರಿ ಹೆಮ್ಮೆಯಿಂದ. ಗಂಡನ ಬುದ್ಧಿವಂತಿಕೆಯ ಮೇಲೆ ಅವಳಿಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಮೂಗು ಎರಡನೆಯ ಬಾಟಲಿಗೆ ಇಳಿದಾಗ ಮಗಳ ಮದುವೆ ಮುರಿದುಬಿತ್ತು ಎಂದುಕೊಂಡಳು.

ಟಪ್! ‘ಮೇಲಿನಂತೆಯೇ.’

“ಅರೆ, ಎರಡೂ ಒಂದೇ ಹೇಗೆ?” ಗ್ರೆಗರಿ ತಲೆ ಕೆರೆದುಕೊಂಡ.

ಸೆವ್ರಿನ್ ಬಾಯಿಗೆ ಮಾತ್ರ ಅರ್ಥವಾಯಿತು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ‘ಇದು ನನ್ನ ಕಿಟ್’ ಎಂದು ಬಾಯಿ ಹೇಳಿದರೆ ಬೀಟ್‌ರೂಟ್ ಒಪ್ಪಿಕೊಂಡಂತೆ. ‘ನಿಮ್ಮದು ಕಲಬೆರಕೆ’ ಎಂದು ಎಮಿಲ್ಡಾ ಹೇಳಿದರೆ ಅಜ್ಜಿಯ ಭರಣಿಯ ಕತೆ ಮುಗಿದಂತೆ. ಇಬ್ಬರ ಹಣೆಯಿಂದಲೂ ಬೆವರು ಇಳಿಯತೊಡಗಿತು.

ಯಂತ್ರಕ್ಕೆ ಹನಿ ಕಂಡರೆ ಸಾಕಲ್ಲ! ಮೂಗು ಗರ್ರನೆ ತಿರುಗಿ ಒಂದು ಹಣೆಯನ್ನು ಮೂಸಿತು, ಇನ್ನೊಂದನ್ನೂ ಮೂಸಿತು. ಟಪ್! ಟಪ್! ಎರಡು ಹಣೆಗೂ ಒಂದೊಂದು ಲೇಬಲ್ ಅಂಟಿತು.

‘ಬೆರಕೆ. ಆದರೂ ಕುಡಿಯಬಹುದು.’

ಗ್ರೆಗರಿ ಕೊನೆಗೂ ಬ್ಯಾಟರಿ ಕಿತ್ತ. ಲೇಬಲ್ ಕೀಳಲು ಆಗಲಿಲ್ಲ. ಬಿಸಿನೀರು, ತೆಂಗಿನೆಣ್ಣೆ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ಇಂಥ ಹಣೆ ಹೊತ್ತು ಬೀದಿಗೆ ಇಳಿಯುವ ಹಾಗಿರಲಿಲ್ಲ. ಇಬ್ಬರೂ ಎದುರುಬದುರು ಕುಳಿತು ಒಬ್ಬರ ಹಣೆ ಒಬ್ಬರು ಉಜ್ಜಿದರು. ಉಜ್ಜುತ್ತಲೇ ನಿಶ್ಚಿತಾರ್ಥದ ದಿನವೂ ಗೊತ್ತಾಯಿತು. ಎಮಿಲ್ಡಾಳಿಗೆ ಹೋದ ಜೀವ ಬಂದಂತಾಯಿತು.

“ನನ್ನ ಯಂತ್ರ ಹೇಗೆ ಬಾಯಿ?” ಗ್ರೆಗರಿ ಮೆಲ್ಲಗೆ ಕೇಳಿದ.

ಸೆವ್ರಿನ್ ಬಾಯಿ ಉರಿಯುವ ಹಣೆ ಮುಟ್ಟಿಕೊಂಡು ಹೇಳಿದರು: “ಇಲ್ಲಿ ಅಪ್ಪಟ ಅಂತ ಇರುವುದು ನಿಮ್ಮ ಗೋಂದು ಒಂದೇ.”